ಮತೀನ್ ಭಾಯ್‌ಗೆ ಕೇಳಿಸಿದ್ದು

ಚೆಂಡು ಬ್ಯಾಟಿನ ಅಂಚನ್ನು ಸವರಿದ ಸದ್ದು ವಿಕೆಟ್ ಕೀಪರ್ ಮತೀನನಿಗೆ ಸ್ಪಷ್ಟವಾಗಿ ಕೇಳಿಸಿತು. ಮರುಕ್ಷಣ ಚೆಂಡು ಅವನ ಗ್ಲೌಸಿನಲ್ಲಿತ್ತು. ಮೀರ್‌ಪುರ ಸ್ಟೇಡಿಯಮ್ಮಿನ ಗ್ಯಾಲರಿಯೆಲ್ಲ ಎದ್ದು ಕೂಗಿತು. ಅಂಪೈರ್ ಮಾತ್ರ ಔಟಲ್ಲವೆಂದು ತಲೆಯಾಡಿಸಿದರು.

"ಅಲ್ಲಾನಾಣೆ ತಾಗಿದೆ! ಹೊರಗಡೆ ತಿಂಡಿಗಾಡೀಲಿ ಚೋಟ್‌ಪಟಿ ಮಾರೋನಿಗೂ ಕೇಳಿಸಿರುತ್ತೆ," ಎಂದು ಬೌಲರ್ ತುಹಿನ್ ಕುಣಿದಾಡಿದ.

ನಾಯಕ ಸಜೀಬ್ ಮಿಡ್ ಆಫ್‌ನಿಂದ ಓಡಿಬಂದ. "ನಿಂಗೆ ಬ್ಯಾಟಿಗೆ ಗಾಳಿ ತಾಗಿದ್ರೂ ಔಟೇ ಕಣೋ. ಮತೀನ್ ಭಾಯ್, ನೀವು ಹೇಳಿ. ಉಳಿದಿರೋದು ಒಂದೇ ರಿವ್ಯೂ."

ಆರು ವರ್ಷ ಈ ದೇಶದ ತಂಡವನ್ನು ನಡೆಸಿದವನು ಮತೀನ್. ಕಳೆದ ತಿಂಗಳು ಬೋರ್ಡು ನಾಯಕತ್ವವನ್ನು ಸಜೀಬನಿಗೆ ಕೊಟ್ಟ ಸುದ್ದಿಯನ್ನು ಅವನು ಟೀವಿಯಲ್ಲಿ ನೋಡಿ ತಿಳಿದುಕೊಂಡಿದ್ದ. ಈ ಕೊನೆಯ ವಿಕೆಟ್ ಬಿದ್ದರೆ ಅದು ಸಜೀಬನ ಮೊದಲ ಗೆಲುವು.

"ಇಲ್ಲ, ತಾಗಿಲ್ಲ," ಎಂದ ಮತೀನ್. ಯೋಚಿಸಿ ಆಡಿದ ಮಾತಲ್ಲ, ಬಾಯಿಗೆ ಬಂದುಬಿಟ್ಟಿತ್ತು. ರಿವ್ಯೂ ಕೇಳಲು ಎತ್ತಿದ್ದ ಕೈಗಳನ್ನು ಸಜೀಬ್ ಇಳಿಸಿದ.

ಸ್ವಲ್ಪ ಹೊತ್ತಿಗೆ ದೊಡ್ಡ ಪರದೆಯ ಮೇಲಿನ ರೀಪ್ಲೇಯಲ್ಲಿ, ಚೆಂಡು ಬ್ಯಾಟನ್ನು ದಾಟುವ ಕ್ಷಣಕ್ಕೆ ಸದ್ದಿನ ಗೆರೆ ಚಿಮ್ಮಿದ್ದನ್ನು ಎಲ್ಲರೂ ನೋಡಿದರು. ತುಹಿನ್ ಹುಲ್ಲನ್ನು ಒದ್ದು ಏನೋ ಗೊಣಗಿದ.

"ಸುಮ್ನಿರೋ! ಈ ಗಲಾಟೇಲಿ ಯಾರಿಗೆ ಕೇಳಿಸುತ್ತೆ?" ಎಂದು ಅವನನ್ನು ಗದರಿಸಿ, ಸಜೀಬ್ ಮತೀನನ ಬೆನ್ನ ಮೇಲೆ ಕೈಯಿಟ್ಟ. "ಬೇಜಾರ್ ಮಾಡ್ಕೋಬೇಡಿ ಭಾಯ್. ಮುಂದಿನ ಸಲಾನೂ ನಿಮ್ಮನ್ನೇ ಕೇಳೋದು."

ನನಗೆ ಕೇಳಿಸಿತ್ತು ಎನ್ನಲು ಮತೀನ್ ಬಾಯಿ ತೆರೆದ. ಸಜೀಬ್ ಆಗಲೇ ತನ್ನ ಜಾಗಕ್ಕೆ ಓಡುತ್ತಿದ್ದ. ಮತೀನ್ ಕುಕ್ಕರಗಾಲಲ್ಲಿ ಕೂತು, ಗ್ಲೌಸುಗಳನ್ನು ಮುಂದಕ್ಕೆ ಚಾಚಿದ.