ನಿಮಿಷಕ್ಕೆ ಎಷ್ಟು ಮಿಂಚು

ಅಪ್ಪನ ಅಂಗಿಯ ಜೇಬಿನಿಂದ ತೆಗೆದ ಎಣಿಕೆಯಂತ್ರವನ್ನು ಮಗಳು ಮತ್ತೊಮ್ಮೆ ಒತ್ತಿದಳು. ಗುಡ್ಡದ ಮೇಲಿನ ಮೋಡದೊಳಗೆ ಇನ್ನೊಂದು ಮಿಂಚು. ಅಪ್ಪನ ಚಟ್ಟಕ್ಕೆ ಹೆಗಲು ಕೊಡಲು ಬಂದ ನಾಲ್ವರು ಅಂಗಳದಲ್ಲಿ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಸ್ಮಶಾನವಿದ್ದದ್ದು ಆ ಬೋಳುಗುಡ್ಡದ ಮೇಲೇ.

ಮೂವತ್ತು ವರ್ಷ ಹವಾಮಾನ ಕಚೇರಿಯ ಮಹಡಿಯಲ್ಲಿ ನಿಂತು ಮಿಂಚು ಎಣಿಸಿದವರು ಅಪ್ಪ. ಅಂಗೈಯಲ್ಲಿ ಹಿಡಿಯುವ ಆ ಯಂತ್ರ ಊಟಕ್ಕೆ ಕೂತಾಗಲೂ ಜೇಬಿನಲ್ಲಿರುತ್ತಿತ್ತು. ಕೇರಿಯವರು ಇಟ್ಟ ಹೆಸರು ಮಿಂಚಪ್ಪ. ಹಾಗೆ ಕರೆದರೆ ಓಗೊಡುತ್ತಲೂ ಇದ್ದರು.

ಅವಳ ಎಣಿಕೆಯಲ್ಲಿ ನಿಮಿಷಕ್ಕೆ ಒಂಬತ್ತಿದ್ದದ್ದು ಇಪ್ಪತ್ತಾಯಿತು, ಮೂವತ್ತಾರಾಯಿತು. ಆಮೇಲೆ ಇದ್ದಕ್ಕಿದ್ದಂತೆ ನಾಲ್ಕು.

"ನಿಂತೇಹೋಯ್ತಲ್ಲಮ್ಮ," ಎಂದರು ಸೋದರಮಾವ. "ಈಗ ಹೊರಟ್ರೆ ಮಳೆಗೆ ಮುಂಚೆ ಮುಗಿಸಿ ಬರಬಹುದು."

ಅವಳಿಗೆ ದಿಕ್ಕು ತೋಚಲಿಲ್ಲ. ಮಿಂಚು ಕಮ್ಮಿಯಾದರೆ ಹೊರಡಬೇಕೋ, ನಿಲ್ಲಬೇಕೋ? ಅಪ್ಪ ಎರಡನ್ನೂ ಹೇಳಿದ ಹಾಗಿತ್ತು.

*

ಶಾಲೆಯ ಗೇಟು. ಮಿಂಚು ನಿಂತಿತೆಂದು ಉಳಿದ ಮಕ್ಕಳೆಲ್ಲ ಮನೆ ಸೇರಿದ್ದರೂ ಅಪ್ಪ ಅವಳ ಕೈ ಬಿಟ್ಟಿರಲಿಲ್ಲ. ಅವಳು ಮುಖ ಊದಿಸಿಕೊಂಡಿದ್ದಳು.

"ಮೇಲೇಳೋ ಗಾಳಿ ಮೋಡದೊಳಗೆ ಆಲಿಕಲ್ಲನ್ನ ಎತ್ತಿ ಹಿಡ್ಕೊಂಡಿರುತ್ತೆ ಪುಟ್ಟಿ. ಅದು ಮಂಜುಗಡ್ಡೆ ಚೂರುಗಳಿಗೆ ತಿಕ್ಕಿದಷ್ಟೂ ಮಿಂಚು. ಮೆಲ್ಲಗೆ ಕಮ್ಮಿ ಆದ್ರೆ ಮೋಡಕ್ಕೆ ಸುಸ್ತಾಗಿದೆ ಅಂತ. ತಟ್ಟನೆ ಕಮ್ಮಿ ಆದ್ರೆ, ಗಾಳಿ ಕೈಬಿಟ್ಟಿದೆ ಅಂತ. ಹೊತ್ತಿದ್ದೆಲ್ಲ ಕೆಳಗೆ ಬೀಳುತ್ತೆ."

ಅವಳ ಲಕ್ಷ್ಯವೆಲ್ಲ ಹಸಿವಿನ ಮೇಲಿತ್ತು. ನೆನಪಿನಲ್ಲಿ ಉಳಿದದ್ದು ಆ ಬಿಗಿ ಹಿಡಿತ ಮಾತ್ರ.

*

"ಇನ್ನರ್ಧ ಗಂಟೆ ಇರ್ಲಿ, ಮಾವ."

"ಅವ್ರು ಹೋದ್ಮೇಲೂ ಮಿಂಚು ಎಣಿಸ್ತಾ ಕೂರಬೇಕಾ?"

ಹೊರುವವರ ಜೀವಕ್ಕೆ ಹೆದರಿ ತಡೆದಳೋ, ಅಪ್ಪ ಇನ್ನರ್ಧ ಗಂಟೆ ಮನೆಯಲ್ಲಿರಲಿ ಎಂದು ತಡೆದಳೋ, ಅವಳಿಗೇ ಗೊತ್ತಾಗಲಿಲ್ಲ. ನಾಚಿಕೆಯಾಯಿತು, ಅಳುವೂ ಬಂತು.

ಮಾವ ಇನ್ನೊಂದು ಮಾತು ತೆಗೆಯುವಷ್ಟರಲ್ಲಿ ತಣ್ಣನೆಯ ಗಾಳಿ ಗುಡ್ಡದಿಂದ ಧುಮುಕಿತು. ಅಂಗಳದ ಕುರ್ಚಿಗಳು ಬೇಲಿಯಾಚೆ ಹೋಗಿ ಬಿದ್ದವು. ಹಿಂದೆಯೇ ಆಲಿಕಲ್ಲು, ಮಳೆ, ಪಕ್ಕದಲ್ಲೇ ಸಿಡಿಲು. ಗುಡ್ಡವೇ ಕಾಣದಾಯಿತು. ನಾಲ್ವರೂ ಒಳಗೆ ನುಗ್ಗಿ ಅಪ್ಪನ ಸುತ್ತ ಗೋಡೆಗೊರಗಿ ನಿಂತರು. ಮಾವ ಒದ್ದೆ ತಲೆ ಒರೆಸಿಕೊಳ್ಳುತ್ತ, ಭಾವನ ಡ್ಯೂಟಿ ಇನ್ನೂ ಮುಗಿದಿಲ್ಲ ಎಂದು ಗೊಣಗಿದರು.

ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಯಿತು. ಮಳೆ ಮುಗಿದಾಗಲೆಲ್ಲ ಅಪ್ಪ ಯಂತ್ರದ ಗುಂಡಿ ತಿರುಗಿಸಿ ಸೊನ್ನೆಗೆ ತರುತ್ತಿದ್ದರು. ಅವಳು ತಿರುಗಿಸಲಿಲ್ಲ. ಇದ್ದ ಅಂಕಿಯೊಂದಿಗೇ ಅದನ್ನು ಅಪ್ಪನ ಜೇಬಿಗೆ ಹಾಕಿ, "ಈಗ ಹೊರಡಿ" ಎಂದಳು.

ಚಟ್ಟ ಗುಡ್ಡದ ದಾರಿ ಹಿಡಿಯಿತು. ಬಹುದೂರದ ಬಾನಂಚಿನಲ್ಲಿ ಸದ್ದೇ ಇಲ್ಲದ ಒಂದು ಮಿಂಚು ಹೊಳೆಯಿತು. ಅವಳ ಹೆಬ್ಬೆರಳು ಖಾಲಿ ಮುಷ್ಟಿಯನ್ನು ಒತ್ತಿತು.