ತಿಮ್ಮಮ್ಮ ಕಾದ ಹತ್ತು ಗಂಟೆ

ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಗೂಡಿನ ಉರಿ ಕಾಯುವುದರಲ್ಲಿ ತಿಮ್ಮಮ್ಮನನ್ನು ಮೀರಿಸುವವರು ಪಿರಿಯಾಪಟ್ಟಣದ ಆ ಸೀಮೆಯಲ್ಲೇ ಇರಲಿಲ್ಲ. ಹೊಗೆಸೊಪ್ಪು ಹದಕ್ಕೆ ಬರಲು ಇನ್ನೆಷ್ಟು ಹೊತ್ತು ಬೇಕು ಎಂದು ಹೇಳಿಬಿಟ್ಟರೆ ಸಾಕು, ಅಷ್ಟು ಹೊತ್ತೂ ಕಣ್ಣು ಮುಚ್ಚದೆ ಕೂತು ಸೌದೆ ನೂಕುತ್ತಿದ್ದಳು. ಹೊತ್ತು ಮುಗಿಯಿತೋ, ಅಲ್ಲೇ ಗೋಣಿಚೀಲದ ಮೇಲೆ ಉರುಳಿ ಗೊರಕೆ. ಮನೆಯವರೆಲ್ಲ ಅದನ್ನು ಆಡಿಕೊಂಡು ನಗುತ್ತಿದ್ದರು.

ಅಂಥವಳು ಈಗ ನಡುಮನೆಯ ಚಾಪೆ ಹಿಡಿದಿದ್ದಳು. ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಕೈಚೆಲ್ಲಿದ್ದರು. ಮಕ್ಕಳಿಬ್ಬರ ಕೈಯಿಂದಲೂ ಬಾಯಿಗೆ ಹಾಲು ಬಿಡಿಸಿಕೊಂಡು ಹೋಗಬೇಕು ಅನ್ನುವುದೊಂದೇ ಅವಳ ಆಸೆ. ಮಗ ಮಾದೇಶ ಪಕ್ಕದಲ್ಲೇ ಇದ್ದ. ಮಗಳು ಸುಧಾ ಐರ್ಲೆಂಡಿನಲ್ಲಿ ನರ್ಸು.

"ಸುಧಾ ಬರಾಕೆ ಎಷ್ಟೊತ್ತಾಯ್ತದ್ಲಾ?"

ಮಾದೇಶ ಮೊಬೈಲಿನಲ್ಲಿ ಡಬ್ಲಿನ್ನಿಂದ ಬೆಂಗಳೂರಿಗೆ ಎಂದು ಹುಡುಕಿದ. ಎಂಟು ಸಾವಿರ ಚಿಲ್ಲರೆ ಕಿಲೋಮೀಟರ್, ವಿಮಾನದಲ್ಲಿ ಹತ್ತು ಗಂಟೆ ಎಂದು ಬಂತು.

"ಹತ್ತೇ ಗಂಟೆ ಕಣವ್ವ. ದೀಪ ಹಚ್ಚೋ ಹೊತ್ಗೆ ಬಂದ್ಬುಡ್ತಾಳೆ."

"ಅಂಗಾದ್ರೆ ಕಾಯ್ತೀನಿ ಬುಡು."

ಅವಳ ಉಸಿರು ಗಟ್ಟಿಯಾಯಿತು. ಎರಡು ಚಮಚ ಗಂಜಿಯನ್ನೂ ಕುಡಿದಳು.

ಸ್ವಲ್ಪ ಹೊತ್ತಿಗೆ ಸುಧಾಳ ಫೋನು ಬಂತು. ಮಾದೇಶ ಅದನ್ನು ಹಿತ್ತಲಿಗೆ ಒಯ್ದ. "ನೇರವಾಗಿ ಬರೋ ವಿಮಾನ ಇಲ್ಲ ಕಣಣ್ಣ. ನಾಳೆಗೆ ಟಿಕೆಟ್ ಸಿಕ್ಕಿದೆ, ದೋಹಾದಲ್ಲಿ ಇಳಿದು ಇನ್ನೊಂದು ಹತ್ಬೇಕು. ನಾಡಿದ್ದು ಬತ್ತೀನಿ. ಅವ್ವಂಗೆ ಹೇಳು, ಕಾಯ್ಲಿ."

ಒಳಗೆ ಬಂದರೆ ಅವ್ವ ಬಾಗಿಲನ್ನೇ ನೋಡುತ್ತಿದ್ದಳು. ನಾಡಿದ್ದು ಅಂದರೆ ಅವಳ ಎದೆ ಒಡೆದೀತು ಎಂದು ಮಾದೇಶ ಹೆದರಿದ. "ಹೊರಟವ್ಳಂತೆ ಕಣವ್ವ" ಎಂದುಬಿಟ್ಟ. ಪಾಪಿ, ಹುಟ್ಟಿದಾಗಿನಿಂದ ಬ್ಯಾರನ್ ಮುಂದೆ ನೋಡಿದ ಅವ್ವನನ್ನು ಆ ಗಳಿಗೆಯಲ್ಲಿ ಮರೆತೇಬಿಟ್ಟ.

ಸಂಜೆ ದೀಪ ಹಚ್ಚಿದರು. ತಿಮ್ಮಮ್ಮ ಕತ್ತೆತ್ತಿದಳು.

"ಬರ್ನಿಲ್ವಾ ಅವಳು?"

"ಈಗ ಬತ್ತಾಳೆ ಕಣವ್ವ, ಈಗ ಬತ್ತಾಳೆ."

"ಹೊತ್ತು ಮುಗೀತಲ್ಲ ಮಗ. ಅವಳಿಗೆ ನಾನು ಬ್ಯಾಡವಾದೆ."

ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡಳು. ಮಾದೇಶ ಬಿಟ್ಟ ಹಾಲು ಅರ್ಧ ಒಳಗೆ ಹೋಯಿತು, ಅರ್ಧ ಕೆನ್ನೆಯ ಮೇಲೆ ಇಳಿಯಿತು. ಸತ್ಯ ಹೇಳಿದ್ದರೆ ಎರಡು ದಿನವೂ ಕಾಯುತ್ತಿದ್ದಳು ಎಂದು ಅವನಿಗೆ ಹೊಳೆದಾಗ ಹೆಂಗಸರು ಅಳು ಶುರುಮಾಡಿದ್ದರು.

ಸುಧಾ ಬಂದಾಗ ಅವ್ವ ಐಸ್ ಪೆಟ್ಟಿಗೆಯಲ್ಲಿದ್ದಳು. ಮುಚ್ಚಿದ ತುಟಿಯ ಮೇಲೆ ಹಾಲು ಬಿಟ್ಟಳು. ಅದು ಒಳಗೆ ಹೋಗಲಿಲ್ಲ.

"ನಾಡಿದ್ದು ಬತ್ತೀನಿ ಅಂತ ಅವ್ವಂಗೆ ಹೇಳಿದ್ಯಾ ಅಣ್ಣ?"

ಸುತ್ತ ನೆಂಟರೆಲ್ಲ ನಿಂತಿದ್ದರು.

"ಹೇಳ್ದೆ ಕಣಮ್ಮ" ಎಂದ ಮಾದೇಶ.

"ಹೇಳುದ್ರೂ ಕಾಯ್ನಿಲ್ವಾ ನನ್ನ?" ಎಂದು ಸುಧಾ ಪೆಟ್ಟಿಗೆಯ ಗಾಜಿಗೆ ಹಣೆ ಚಚ್ಚಿಕೊಳ್ಳತೊಡಗಿದಳು. ಮಾದೇಶ ಗಾಜಿಗೆ ಅಂಗೈ ಅಡ್ಡ ಹಿಡಿದ. ಬಾಯಿ ಮಾತ್ರ ಬಿಡಲಿಲ್ಲ.