ತಣ್ಣಗಿರುವ ಕಾಗದ

ನಮ್ಮ ಬಂದರಿನೂರಿನ ಜಲವರ್ಣ ಮಂಡಳಿಯಲ್ಲಿ ಇರುವುದು ಹನ್ನೆರಡೇ ಜನ. ಚರ್ಚಿನ ಹಾಲ್‌ನಲ್ಲಿ ಹದಿಮೂರನೆಯ ಮೇಜಿಗೆ ಜಾಗವಿಲ್ಲ. ಹಾಗಾಗಿ ಯಾರಾದರೂ ಸತ್ತರೆ ಮಾತ್ರ ಹೊಸಬರಿಗೆ ಅವಕಾಶ. ಈ ಸಲ ಫೆಬ್ರವರಿಯಲ್ಲಿ ಸತ್ತವಳು ನನ್ನ ಆಲ್ಮಾ ಅತ್ತೆ. ಉತ್ತರದ ಕಿಟಕಿಯ ಕೆಳಗಿನ ಮೇಜು ಅವಳದು. ಅದರ ಪಕ್ಕ ಒಂದು ಸಣ್ಣ ಸ್ಟೂಲು ಹಾಕಿಕೊಂಡು, ಏಳನೆಯ ವಯಸ್ಸಿನಿಂದ ನಾನು ಬಣ್ಣ ಕಲಿತೆ. ಆ ಮೇಜು ಬೇರೆಯವರ ಪಾಲಾಗುವುದನ್ನು ನೆನೆದರೆ ಊಟ ಸೇರುತ್ತಿರಲಿಲ್ಲ.

ಸೇರಬೇಕೆನ್ನುವವರು ಎಲ್ಲರೆದುರು ಕುಳಿತು, ಒಂದು ಗಂಟೆಯಲ್ಲಿ, ಒದ್ದೆ ಕಾಗದದ ಮೇಲೆ ಒದ್ದೆ ಬಣ್ಣದಲ್ಲೇ, ಒಂದರ ಮೇಲೊಂದು ಮೂರು ಪದರವಾಗಿ ಹೂವು ಬಿಡಿಸಬೇಕು. ಹೇರ್ ಡ್ರೈಯರ್ ಕೂಡದು. ಒಪ್ಪಿಗೆಯಾದರೆ ಅಧ್ಯಕ್ಷೆಯೇ ಚಿತ್ರವನ್ನು ಕಿಟಕಿಯ ಹಗ್ಗಕ್ಕೆ ಕ್ಲಿಪ್ ಹಾಕಿ ತೂಗುಬಿಡುತ್ತಾಳೆ. ಇಲ್ಲವಾದರೆ ಸುರುಳಿ ಸುತ್ತಿ ಕೈಗೆ ಕೊಡುತ್ತಾಳೆ.

ಅಧ್ಯಕ್ಷೆ ವರ್ನಾ ಹಿಮ್ಮೆಲ್‌ಮನ್. ಒಮ್ಮೆ ಅತ್ತೆ ಎಲ್ಲರೆದುರು, "ವರ್ನಾ, ನಿನ್ನ ಗುಲಾಬಿ ಪಾತ್ರೆ ಒರೆಸೋ ಬಟ್ಟೆ ಇದ್ದಂಗಿದೆ" ಅಂದಿದ್ದಳಂತೆ. ಆಮೇಲೆ ಹನ್ನೊಂದು ವರ್ಷ ಇಬ್ಬರೂ ಒಂದೇ ಹಾಲ್‌ನಲ್ಲಿ ಕೂತರೂ ಮಾತಿರಲಿಲ್ಲ. ಅತ್ತೆಯ ಅಂತ್ಯಕ್ರಿಯೆಗೆ ವರ್ನಾ ಬಂದಿದ್ದಳು. ಹೂವು ತಂದಿರಲಿಲ್ಲ.

ಜೂನ್ ತಿಂಗಳು. ಸಮುದ್ರದಿಂದ ಮಂಜು ಏರಿ ಕಿಟಕಿಗಳೆಲ್ಲ ಬೆಳ್ಳಗಾಗಿದ್ದವು. ಹಳ್ಳದ ಬದಿಯಿಂದ ಕಿತ್ತು ತಂದ ನೀಲಿ ಲೂಪಿನ್ ಹೂಗಳನ್ನು ಜಾಡಿಯಲ್ಲಿಟ್ಟು ಅತ್ತೆಯ ಮೇಜಿಗೆ ಕೂತೆ.

"ಲೀಟಾ ಚಿನ್ನ, ಎರಡು ಗಂಟೆ ಆಯ್ತು. ಶುರು ಮಾಡು," ಅಂದಳು ವರ್ನಾ. ಅವಳ ಬಾಯಲ್ಲಿ 'ಚಿನ್ನ' ಅನ್ನುವುದು ಹಲ್ಲಿಗೆ ಸಿಕ್ಕ ಮೀನಿನ ಮುಳ್ಳಿನಂತೆ ಕೇಳಿಸಿತು.

ಕಾಗದವನ್ನು ಪೂರ್ತಿ ನೆನೆಸಿದೆ. ನೀರು ಕನ್ನಡಿಯಂತೆ ಹೊಳೆಯುವಾಗ ತೆಳು ನೀಲಿ ಬಿಟ್ಟೆ. ಅದು ತಾನಾಗಿ ಹರಡಿಕೊಂಡಿತು. ಇನ್ನು ಹೊಳಪು ಮಂಕಾಗುವವರೆಗೆ ಕಾಯಬೇಕು. ಮಂಕಾದ ಮೇಲೆ ಎರಡನೆಯ ಬಣ್ಣ ದಪ್ಪಗಿರಬೇಕು, ಕುಂಚದಲ್ಲಿ ಕಾಗದಕ್ಕಿಂತ ಕಡಿಮೆ ನೀರಿರಬೇಕು. ಆ ಹೊತ್ತು ತಪ್ಪಿದರೆ ನೀರು ಹಿಂದಕ್ಕೆ ನುಗ್ಗಿ ಹೂಕೋಸಿನಂಥ ಕಲೆಯೇಳುತ್ತದೆ.

ಸರಿಯಾಗಿ ಹೊಳಪು ಮಂಕಾಗುವಾಗ ವರ್ನಾ ಬಗ್ಗಿದಳು. "ಕಾಲೇಜು ಮುಗಿಸಿ ಎರಡು ವರ್ಷ ಆಯ್ತಂತೆ. ಕೆಲಸ ಏನೂ ಸಿಗ್ಲಿಲ್ವಾ?"

ಕೇಳಿದವರಿಗೆ ತಲೆಯೆತ್ತಿ ಉತ್ತರ ಕೊಡದೆ ಇರುವುದು ನನಗೆ ಗೊತ್ತಿಲ್ಲ. "ಲೈಬ್ರರಿಯಲ್ಲಿ ಅರ್ಧ ದಿನ..." ಅನ್ನುತ್ತಾ ಕಣ್ಣು ಕೆಳಗಿಳಿಸುವಷ್ಟರಲ್ಲಿ ಎಡಮೂಲೆ ಒಣಗತೊಡಗಿತ್ತು. ಗಾಬರಿಯಲ್ಲಿ ಕುಂಚ ಹಿಂಡದೆ ಇಟ್ಟೆ. ಕಲೆಯೆದ್ದಿತು, ಅಂಚು ಹಲ್ಲುಹಲ್ಲಾಗಿ.

"ಅಯ್ಯೋ ಪಾಪ, ಹೂಕೋಸು," ಅಂದಳು ವರ್ನಾ, ಹಾಲ್‌ಗೆಲ್ಲ ಕೇಳುವಂತೆ.

"ಸೂಪಿಗಾಯ್ತು ಬಿಡಿ," ಅಂದರು ಹಿಂದಿನ ಮೇಜಿನ ಕಾರ್ಕಮ್. ನಲವತ್ತು ವರ್ಷ ಏಡಿ ಹಿಡಿದು, ಈಗ ಬರೀ ದೋಣಿ ಬಿಡಿಸುವ ಮುದುಕ. ಯಾರೋ ನಕ್ಕರು. ನನ್ನ ಕಿವಿ ಸುಟ್ಟಿತು.

ಕಲೆಯನ್ನು ಹಾಗೇ ಬಿಟ್ಟು ಉಳಿದ ಕಡೆ ಎರಡನೆಯ ಪದರ ಮುಗಿಸಿದೆ. ಮೂರನೆಯದೇ ಕಷ್ಟ. ಎಸಳುಗಳ ನಡುವಿನ ಕಪ್ಪುನೇರಳೆಯನ್ನು ಹೆಚ್ಚುಕಡಿಮೆ ಒಣಕುಂಚದಲ್ಲಿ ಇಡಬೇಕು, ಕಾಗದ ಇನ್ನೂ ತೇವವಾಗಿರುವಾಗಲೇ. ಕಣ್ಣಿಗೆ ಅದು ಕಾಣುವುದಿಲ್ಲ. ಖಾಲಿ ಅಂಚಿಗೆ ಬೆರಳಿನ ಹಿಂಬದಿ ತಾಗಿಸಿದರೆ ತಣ್ಣಗಿರಬೇಕು. ಅತ್ತೆ ನನ್ನ ಬೆರಳು ಹಿಡಿದು ಕಲಿಸಿದ್ದು ಅದು. ತಾಗಿಸಿದೆ. ಇದೇ ಹೊತ್ತು.

"ಕೊನೇಗೆ ಆಲ್ಮಾ ತುಂಬಾ ನರಳಿದ್ಲಾ, ಚಿನ್ನ?"

ಕುಂಚ ಗಾಳಿಯಲ್ಲಿ ನಿಂತಿತು. ವರ್ನಾ ನನ್ನ ಕೆನ್ನೆಯನ್ನೇ ನೋಡುತ್ತಿದ್ದಳು, ಕಾಗದವನ್ನಲ್ಲ. ಬೇಕೆಂದೇ ಕೇಳುತ್ತಿದ್ದಾಳೆಂದು ಆಗ ತಿಳಿಯಿತು. ಮೊದಲ ಪ್ರಶ್ನೆಯನ್ನೂ.

ತಲೆಯೆತ್ತಲಿಲ್ಲ. ಕುಂಚವನ್ನು ಕಾಗದಕ್ಕೆ ತಾಗಿಸಿದೆ.

"ಕೇಳಿಸ್ತಾ?"

ಇನ್ನೊಂದು ಎಸಳು. ಮತ್ತೊಂದು.

"ದೊಡ್ಡವರು ಕೇಳಿದ್ರೆ ಉತ್ತರ ಕೊಡ್ಬೇಕು ಅಂತ ಮನೇಲಿ ಹೇಳ್ಕೊಟ್ಟಿಲ್ಲ ಇವಳಿಗೆ."

ನೇರಳೆ ನೀಲಿಯೊಳಗೆ ಕೂದಲೆಳೆಯಷ್ಟೇ ಸರಿದು ನಿಂತಿತು. ಹೂವಿಗೆ ಆಳ ಬಂತು.

ಮೂರು ಹೊಡೆಯಿತು. ಒಪ್ಪುವವರು ಕೈಯೆತ್ತಿ ಎಂದಳು ವರ್ನಾ. ಏಳು ಕೈ ಮೇಲೆದ್ದವು. ಕಾರ್ಕಮ್ ಎರಡೂ ಕೈಯೆತ್ತಿದ್ದರು; ಒಂದು ಬಿಟ್ಟರೂ ಹನ್ನೊಂದರಲ್ಲಿ ಆರು. "ಒಂದನ್ನ ಇಳ್ಸಿ," ಎಂದು ಗದರಿ, ಅವಳು ತುಟಿ ಬಿಗಿದು ಬಂದು ಕಾಗದ ಬಿಗಿದಿದ್ದ ನನ್ನ ಹಲಗೆಯನ್ನು ಎರಡು ಕೈಯಲ್ಲಿ ಎತ್ತಿ ನೆಟ್ಟಗೆ ನಿಲ್ಲಿಸತೊಡಗಿದಳು. ಮೇಲಿನ ನೀಲಿ ಒಂದು ಹನಿಯಾಗಿ ಕೂಡಿಕೊಂಡು ಕದಲಿತು.

"ಕೈ ತೆಗೀರಿ!"

ಅದು ನನ್ನದೇ ದನಿ.

"ಏನಂದೆ?"

"ಮಂಜಿದೆ. ಒಣಗಿಲ್ಲ. ಈಗ ತೂಗುಬಿಟ್ರೆ ಬಣ್ಣ ಇಳಿಯುತ್ತೆ. ನಿಮ್ಗೂ ಗೊತ್ತು."

"ಗಂಟೆ ಮುಗೀತು. ಮುಗಿದ ಕೂಡ್ಲೇ ತೂಗುಬಿಡೋದು ಇಲ್ಲಿನ ಪದ್ಧತಿ."

"ಬೆರಳು ತಾಗಿಸಿ ನೋಡಿ."

ಎಲ್ಲರೂ ನೋಡುತ್ತಿದ್ದರು. ಅವಳು ಹಲಗೆಯನ್ನು ಇಳಿಸಿ, ಖಾಲಿ ಅಂಚಿಗೆ ಬೆರಳಿನ ಹಿಂಬದಿ ತಾಗಿಸಿದಳು. ಥೇಟ್ ಅತ್ತೆಯ ಹಾಗೆಯೇ. ಬೆರಳನ್ನು ಅಲ್ಲಿಂದ ಬೇಗ ತೆಗೆಯಲಿಲ್ಲ.

"ತಣ್ಣಗಿದೆ ತಾನೆ?" ಕೇಳಿದರು ಕಾರ್ಕಮ್.

"ನೀವು ಟೀ ಇಡಿ ಹೋಗಿ," ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಥೂ, ಅದೇ ನಾಲಿಗೆ."

ಕಾಗದ ಒಣಗಲು ಇಪ್ಪತ್ತು ನಿಮಿಷ ಹಿಡಿಯಿತು. ಮೇಜಿನ ಆಚೆಗೊಬ್ಬರು ಈಚೆಗೊಬ್ಬರು ನಿಂತೇ ಇದ್ದೆವು. ಟೀ ಬಂತು, ಆರಿತು. ಅವಳೂ ಕೂರಲಿಲ್ಲ, ನಾನೂ ಕೂರಲಿಲ್ಲ.

ಕೊನೆಗೆ ಅವಳು ಚಿತ್ರವನ್ನೆತ್ತಿ ಹಗ್ಗಕ್ಕೆ ಒಂದೇ ಕ್ಲಿಪ್ ಹಾಕಿ ಹೊರಟುಹೋದಳು. ಲೂಪಿನ್‌ಗಳು ವಾಲಿಕೊಂಡು ನೇತಾಡಿದವು. ಆಲ್ಮಾ ಅತ್ತೆಯ ಮೇಜಿನ ಡ್ರಾಯರ್ ಎಳೆದು ನೋಡಿದೆ. ಕ್ಲಿಪ್ ಒಂದು ಸಿಕ್ಕಿತು. ಇನ್ನೊಂದು ಮೂಲೆಗೆ ನಾನೇ ಹಾಕಿದೆ.